ಕಿವಿಯಲ್ಲಿ ನೋವು, ಕೀಲಿನಲ್ಲಿ ಕಾರಣ

(ಶಾಲೆಯ ಶತಮಾನೋತ್ಸವ ವರ್ಷದಲ್ಲಿ ರಕ್ಷಕರು, ಅಧ್ಯಾಪಕರು ಹಾಗೂ ಹಿರಿಯ ವಿದ್ಯಾರ್ಥಿಗಳ ಸಭೆಯ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಿವಿಯ ವೈದ್ಯರೊಬ್ಬರನ್ನೂ ಹಲ್ಲಿನ ವೈದ್ಯರೊಬ್ಬರನ್ನೂ ಒಂದೇ ಧ್ವನಿವರ್ಧಕದ ಮುಂದೆ ನಿಲ್ಲಿಸಿದ್ದೇಕೆಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ನಾವಿಬ್ಬರೂ ಇದೇ ಶಾಲೆಯ ಬೆಂಚಿನಲ್ಲಿ ಕುಳಿತು, ಕಿವಿಯೊಳಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿವೆಯೆಂದು ಕನ್ನಡದಲ್ಲಿ ಬಾಯಿಪಾಠ ಮಾಡಿದವರು. ಮುಂದೆ ಓದಿನ ದಾರಿಗಳು ಬೇರೆಯಾದವು. ಆದರೆ ರೋಗಿಗಳು ನಮ್ಮನ್ನು ಮತ್ತೆ ಮತ್ತೆ ಒಂದುಗೂಡಿಸುತ್ತಾರೆ. ಒಬ್ಬರ ಚೀಟಿ ಹಿಡಿದು ಇನ್ನೊಬ್ಬರ ಬಳಿಗೆ ಬರುವ ರೋಗಿಗಳ ಸಾಲಿನಲ್ಲಿ ಅತಿ ಹೆಚ್ಚಿನವರು ಕಿವಿನೋವಿನವರು. ಇಂದಿನ ಮಾತು ಅವರನ್ನು ಕುರಿತದ್ದು.

ಇಂಥವರು ಬರುವ ಬಗೆ ಬಹುಮಟ್ಟಿಗೆ ಒಂದೇ ರೀತಿಯದು. ಎರಡು ಮೂರು ತಿಂಗಳಿಂದ ಕಿವಿಯಲ್ಲಿ ನೋವು. ಕಿವಿಗೆ ಬಿಡುವ ಔಷಧದ ಎರಡು ಮೂರು ಬಾಟಲಿಗಳು ಮುಗಿದಿವೆ. ಆಂಟಿಬಯೋಟಿಕ್ ಮಾತ್ರೆಗಳೂ ಒಂದೆರಡು ಸುತ್ತು ಆಗಿವೆ. ದೀಪ ಹಿಡಿದು ನೋಡಿದರೆ ಕಿವಿಯ ನಾಳ ಶುಭ್ರವಾಗಿದೆ, ತಮಟೆ ಮುತ್ತಿನ ಬಣ್ಣದಲ್ಲಿ ಹೊಳೆಯುತ್ತಿದೆ, ಶ್ರವಣ ಪರೀಕ್ಷೆಯಲ್ಲಿ ಕೊರತೆಯಿಲ್ಲ. ಆದರೂ ನೋವಿದೆ. ಬೆಳಿಗ್ಗೆ ಏಳುವಾಗ ಹೆಚ್ಚು, ಆಕಳಿಸುವಾಗ ಹೆಚ್ಚು, ಗಟ್ಟಿ ಪದಾರ್ಥ ಅಗಿಯುವಾಗ ಇನ್ನೂ ಹೆಚ್ಚು. ಕೆಲವೊಮ್ಮೆ ಕಿವಿ ಕಟ್ಟಿದಂತೆ, ಒಳಗೆ ಏನೋ ಗುಂಯ್‌ಗುಟ್ಟಿದಂತೆ. ‘ಕಿವಿಯಲ್ಲಿ ಏನೂ ಇಲ್ಲ’ ಎಂದು ವೈದ್ಯರು ಹೇಳಿದಾಗ ರೋಗಿಗೆ ಸಮಾಧಾನವಾಗುವುದಿಲ್ಲ, ಅವಮಾನವಾಗುತ್ತದೆ. ತನ್ನ ನೋವು ಸುಳ್ಳೆಂದು ಇವರು ಹೇಳುತ್ತಿದ್ದಾರೆಯೇ ಎಂಬ ಸಂಶಯ ಹುಟ್ಟುತ್ತದೆ. ಮನೆಯವರೂ ನಂಬುವುದನ್ನು ಬಿಡುತ್ತಾರೆ. ಮಂಗಳೂರಿಗೆ ಬಸ್ಸು ಹತ್ತಿ ಇನ್ನೊಂದು ಕಿವಿಯ ಆಸ್ಪತ್ರೆ, ಇನ್ನೊಂದು ಸ್ಕ್ಯಾನ್.

ನಮ್ಮ ಕಾಸರಗೋಡಿನ ರೋಗಿ ಇದನ್ನು ಕನ್ನಡದಲ್ಲಿ ಕಿವಿನೋವೆನ್ನಲಿ, ತುಳುವಿನಲ್ಲಿ ಕೆಬಿಬೇನೆ ಎನ್ನಲಿ, ಮಲಯಾಳದಲ್ಲಿ ಚೆವಿವೇದನ ಎನ್ನಲಿ, ಮಾತಿನಲ್ಲಿ ಬರುವುದು ಕಿವಿಯ ಹೆಸರೇ. ಆದರೆ ‘ಎಲ್ಲಿ, ತೋರಿಸಿ’ ಎಂದಾಗ ಬೆರಳು ಬೇರೆಯೇ ಮಾತಾಡುತ್ತದೆ. ಕಿವಿಯ ತೂತಿನೊಳಕ್ಕೆ ಹೋಗದೆ, ಅದರ ಮುಂದಿರುವ ಚಿಕ್ಕ ಮೃದ್ವಸ್ಥಿಯ ಉಬ್ಬಿಗಿಂತಲೂ ಒಂದು ಬೆರಳಷ್ಟು ಮುಂದೆ ನಿಲ್ಲುತ್ತದೆ. ಆ ಜಾಗದ ಅಡಿಯಲ್ಲಿರುವುದು ಕಿವಿಯಲ್ಲ, ದವಡೆಯ ಕೀಲು. ಭಾಷೆಗಿಂತ ಬೆರಳನ್ನು ನಂಬುವುದು ನಮ್ಮ ವೃತ್ತಿಯಲ್ಲಿ ಲಾಭದಾಯಕ.

ತಾವೆಲ್ಲರೂ ಕುಳಿತಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಎರಡೂ ಕಿರುಬೆರಳುಗಳ ತುದಿಯನ್ನು ಕಿವಿಯ ತೂತಿನ ಬಾಯಲ್ಲಿಟ್ಟು ಮೆಲ್ಲಗೆ ಮುಂದಕ್ಕೆ, ಮುಖದ ಕಡೆಗೆ ಒತ್ತಿರಿ. ಈಗ ಬಾಯಿ ತೆರೆದು ಮುಚ್ಚಿರಿ. ಬೆರಳಿನಡಿಯಲ್ಲಿ ಏನೋ ಜರುಗಿ, ಮತ್ತೆ ಹಿಂದಕ್ಕೆ ಬಂದು ತಟ್ಟಿದಂತಾಗುತ್ತದೆ. ಕೆಳದವಡೆಯ ಮೂಳೆಯ ತಲೆ ಅದು. ಅದಕ್ಕೂ ಕಿವಿಯ ನಾಳಕ್ಕೂ ನಡುವೆ ಇರುವುದು ಮೂಳೆಯ ಒಂದು ತೆಳುಗೋಡೆ ಮಾತ್ರ. ಮೂಳೆಯ ತಲೆಗೂ ಅದು ಕೂರುವ ತಲೆಬುರುಡೆಯ ಗುಳಿಗೂ ನಡುವೆ ಒಂದು ಪುಟ್ಟ ಬಿಲ್ಲೆಯಿದೆ. ಬಾಯಿಯನ್ನು ಸ್ವಲ್ಪ ತೆರೆದಾಗ ಕೀಲು ಬಾಗಿಲಿನ ತಿರುಗಣಿಯಂತೆ ತಿರುಗುತ್ತದೆ. ಅಗಲವಾಗಿ ತೆರೆದಾಗ ಮೂಳೆಯ ತಲೆ ಬಿಲ್ಲೆಯ ಸಮೇತ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ತಿರುಗುವುದೂ ಜಾರುವುದೂ ಎರಡೂ ಉಳ್ಳ ಇಂಥ ಕೀಲು ದೇಹದಲ್ಲಿ ಅಪರೂಪ. ಬಲಗಡೆಯದು ಎಡಗಡೆಯದನ್ನು ಬಿಟ್ಟು ಒಂಟಿಯಾಗಿ ಕೆಲಸ ಮಾಡಲಾರದೆಂಬುದು ಇನ್ನೊಂದು ವಿಶೇಷ.

ನೆರೆಹೊರೆಯ ಮಾತ್ರಕ್ಕೆ ನೋವು ಕಿವಿಗೆ ಹೋಗಬೇಕೇಕೆ? ಉತ್ತರವಿರುವುದು ನರಗಳಲ್ಲಿ. ಮುಖದ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರಕ್ಕೆ ಮೂರು ದೊಡ್ಡ ಕವಲುಗಳು. ಕೆಳದವಡೆಯ ಕವಲಿನಿಂದ ಒಂದು ಎಳೆ ಹೊರಟು ದವಡೆಯ ಕೀಲಿನ ಹಿಂಬದಿಯಿಂದ ಸುತ್ತಿ ಮೇಲೇರುತ್ತದೆ. ಈ ಒಂದೇ ಎಳೆ ಕೀಲಿಗೂ, ಕಿವಿಯ ನಾಳದ ಮುಂಗೋಡೆಗೂ, ತಮಟೆಯ ಹೊರಮೈಯ ಒಂದು ಭಾಗಕ್ಕೂ, ಕಪಾಲದ ಪಕ್ಕಕ್ಕೂ ಸೇವೆ ಸಲ್ಲಿಸುತ್ತದೆ. ಎರಡು ಮನೆಯ ಕಾಗದಗಳು ವಿಳಾಸವಿಲ್ಲದೆ ಒಂದೇ ಅಂಚೆಚೀಲದಲ್ಲಿ ಬಂದರೆ ಯಾವುದು ಯಾರದ್ದೆಂದು ತಿಳಿಯುವುದು ಕಷ್ಟ. ಮಿದುಳಿನ ಪಾಡೂ ಅದೇ. ಹೃದಯದ ನೋವು ಎಡತೋಳಿನಲ್ಲಿ ಕಾಣಿಸಿಕೊಳ್ಳುವುದನ್ನು ತಾವು ಕೇಳಿದ್ದೀರಿ. ಇದು ಆ ಜಾತಿಯದೇ. ನೋವು ಕಲ್ಪಿತವಲ್ಲ, ಅದರ ವಿಳಾಸ ಮಾತ್ರ ತಪ್ಪಿದೆ.

ಈ ನೆಂಟಸ್ತಿಕೆ ಬಲು ಹಳೆಯದು. ತಾಯಿಯ ಗರ್ಭದಲ್ಲಿ ಶಿಶುವಿನ ಕೆಳದವಡೆ ರೂಪುಗೊಳ್ಳುವ ಕಮಾನಿನಂಥ ರಚನೆಯಿಂದಲೇ ನಮ್ಮ ಬಾಯಿಪಾಠದ ಸುತ್ತಿಗೆ, ಅಡಿಗಲ್ಲುಗಳೂ ಮೂಡುತ್ತವೆ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಕಾರ್ಲ್ ರೈಖರ್ಟ್ 1837ರಲ್ಲಿ ಇದನ್ನು ವಿವರಿಸಿದನು. ಹಲ್ಲಿ, ಮೊಸಳೆಗಳಲ್ಲಿ ದವಡೆಯ ಕೀಲಾಗಿಯೇ ಉಳಿದಿರುವ ಎರಡು ಮೂಳೆಗಳು ಸಸ್ತನಿಗಳಲ್ಲಿ ಕುಗ್ಗಿ ಕಿವಿಯೊಳಕ್ಕೆ ಸರಿದು ಸುತ್ತಿಗೆಯೂ ಅಡಿಗಲ್ಲೂ ಆದವು. ನಮಗೆ ಬೇರೊಂದು ಹೊಸ ದವಡೆಕೀಲು ಬಂತು. ಅಂದರೆ ಇಂದು ನಾವು ಕೇಳುತ್ತಿರುವುದು ನಮ್ಮ ಪೂರ್ವಜೀವಿಗಳು ಅಗಿಯುತ್ತಿದ್ದ ಮೂಳೆಗಳ ಮೂಲಕ. ಸುತ್ತಿಗೆಗೆ ಅಂಟಿಕೊಂಡು ತಮಟೆಯನ್ನು ಬಿಗಿಹಿಡಿಯುವ ಸ್ನಾಯುವಿಗೂ ಅಗಿಯುವ ಸ್ನಾಯುಗಳಿಗೂ ಇಂದಿಗೂ ಅಪ್ಪಣೆ ಬರುವುದು ಒಂದೇ ನರದಿಂದ. ಕಿವಿ ಕಟ್ಟಿದಂತಾಗುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಹಲವರು ಊಹಿಸಿದ್ದಾರೆ. ವಿಜ್ಞಾನದ ಅಧ್ಯಾಪಕರು ಮೂರು ಮೂಳೆಗಳ ಪಾಠ ಮಾಡುವಾಗ ಈ ಕಥೆಯನ್ನೂ ಸೇರಿಸಿದರೆ ಮಕ್ಕಳು ಮರೆಯಲಾರರು.

ವೈದ್ಯಕೀಯದಲ್ಲಿ ಈ ಸಂಬಂಧಕ್ಕೆ ಹೆಸರು ತಂದವರು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್. 1934ರಲ್ಲಿ ಅವರು 11 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಕಿವಿನೋವು, ಕಿವಿಯ ಮೊರೆತ, ತಲೆನೋವುಗಳು ದವಡೆಕೀಲಿನ ದೋಷದಿಂದ ಬರಬಲ್ಲವೆಂದು ತೋರಿಸಿದರು. ಬಹುಕಾಲ ಈ ಕಾಯಿಲೆಗೆ ಕಾಸ್ಟೆನ್ ಸಿಂಡ್ರೋಮ್ ಎಂದೇ ಹೆಸರಿತ್ತು. ಹಿಂದಿನ ಹಲ್ಲುಗಳು ಬಿದ್ದು ದವಡೆ ಹೆಚ್ಚು ಮುಚ್ಚಿಕೊಂಡಾಗ ಮೂಳೆಯ ತಲೆ ಹಿಂದಕ್ಕೆ ಸರಿದು ನರವನ್ನು ಅದುಮುತ್ತದೆಂಬುದು ಅವರ ವಿವರಣೆ. ಮುಂದೆ ಅಂಗರಚನೆಯನ್ನು ಸೂಕ್ಷ್ಮವಾಗಿ ನೋಡಿದವರು ಆ ವಿವರಣೆಯನ್ನು ಒಪ್ಪಲಿಲ್ಲ. ಆದರೆ ಅವರು ಕಂಡದ್ದು ನಿಜವಾಗಿತ್ತು. ಕಂಡದ್ದು ಸರಿ, ಕಾರಣ ಬೇರೆ. ಹಲ್ಲುಗಳ ಎತ್ತರವನ್ನು ಸರಿಪಡಿಸಿದರೆ ಎಲ್ಲವೂ ಸರಿಯಾದೀತೆಂಬ ಹಳೆಯ ನಂಬಿಕೆ ಮಾತ್ರ ಇನ್ನೂ ಪೂರ್ತಿ ಅಳಿದಿಲ್ಲ. ಕೀಲುನೋವಿಗೆಂದು ಆರೋಗ್ಯವಾದ ಹಲ್ಲುಗಳನ್ನು ಉಜ್ಜಿ ತೆಗೆಯಲು ಯಾರಾದರೂ ಹೊರಟರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು. ತೆಗೆದ ಹಲ್ಲು ಮರಳಿ ಬಾರದು.

ಹಾಗಾದರೆ ಕೆಡುವುದೇನು? ಬಹುಪಾಲು ರೋಗಿಗಳಲ್ಲಿ ಮೂಳೆ ಕೆಟ್ಟಿರುವುದಿಲ್ಲ, ದವಡೆಯ ಸ್ನಾಯುಗಳು ದಣಿದಿರುತ್ತವೆ. ಮಾತು, ಊಟ, ನುಂಗುವುದು ಇವೆಲ್ಲವನ್ನು ಕೂಡಿಸಿದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರುವ ಸಮಯ ದಿನಕ್ಕೆ ಅರ್ಧ ಗಂಟೆಯನ್ನು ಮೀರದೆಂದು ಅಂದಾಜು. ಉಳಿದ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ತೆರಪಿರಬೇಕು. ಹಲ್ಲು ಕಚ್ಚಿಕೊಂಡೇ ಬದುಕುವವರ ಮಾತೇ ಬೇರೆ. ಸಾಲದ ಕಂತು, ಮಗಳ ಪರೀಕ್ಷೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಇವನ್ನೆಲ್ಲ ಬಾಯಿಬಿಟ್ಟು ಹೇಳದೆ ಹಗಲಲ್ಲಿ ಹಲ್ಲು ಕಚ್ಚಿ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿದು ಬೆಳಗಾಗುವಾಗ ಕಿವಿ ಹಿಡಿದು ಕೂರುವವರು. ಈ ತೊಂದರೆ 20ರಿಂದ 40ರ ವಯಸ್ಸಿನಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ‘ಹಲ್ಲು ಕಚ್ಚಿ ಸಹಿಸು’ ಎಂಬ ಮಾತನ್ನು ನಮ್ಮ ಮನೆಗಳು ಯಾರಿಗೆ ಹೆಚ್ಚು ಹೇಳಿವೆಯೆಂದು ಯೋಚಿಸುವುದು ತಮಗೆ ಬಿಟ್ಟದ್ದು. ಹಾರ್ಮೋನುಗಳೇ ಮೊದಲಾದ ಕಾರಣಗಳೂ ಇರಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಕೆಲವರಲ್ಲಿ ಬಿಲ್ಲೆ ತನ್ನ ಜಾಗದಿಂದ ಮುಂದಕ್ಕೆ ಸರಿದಿರುತ್ತದೆ. ಬಾಯಿ ತೆರೆದಾಗ ಮೂಳೆಯ ತಲೆ ಅದರ ಮೇಲೆ ಹತ್ತುವಾಗ ‘ಟಕ್’ ಎಂದು ಸದ್ದಾಗುತ್ತದೆ. ಈ ಸದ್ದಿಗೆ ಹೆದರಿ ಬರುವವರೇ ಬಹಳ. ನೋವಿಲ್ಲದ, ಬಾಯಿ ಪೂರ್ತಿ ತೆರೆಯಲು ಅಡ್ಡಿಯಾಗದ ಬರಿಯ ಸದ್ದಿಗೆ ಚಿಕಿತ್ಸೆ ಬೇಡ. ಸದ್ದು ಇದ್ದಕ್ಕಿದ್ದಂತೆ ನಿಂತು, ಅದರೊಡನೆ ಬಾಯಿಯೂ ಅರ್ಧಕ್ಕೇ ನಿಂತರೆ ಮಾತ್ರ ತಡಮಾಡದೆ ಬರಬೇಕು.

ಚಿಕಿತ್ಸೆ ಹೇಳಿದಾಗ ರೋಗಿಗಳಿಗೆ ನಿರಾಸೆಯಾಗುವುದುಂಟು, ಅಷ್ಟು ಸರಳ. ಮೂರು ನಾಲ್ಕು ವಾರ ದವಡೆಗೆ ವಿಶ್ರಾಂತಿ. ಗಂಜಿ, ನೀರುದೋಸೆ, ಬೇಯಿಸಿದ ತರಕಾರಿ ಆಗಬಹುದು. ಚಕ್ಕುಲಿ, ಚೂಯಿಂಗ್ ಗಮ್ ಬೇಡ. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿಯನ್ನು ಮಳೆಗಾಲದ ಸಂಜೆ ಬೇಡವೆನ್ನುವುದು ಕ್ರೌರ್ಯವೆಂದು ಗೊತ್ತಿದ್ದೂ ಬೇಡವೆನ್ನುತ್ತೇವೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆರಡು ಮೂರು ಸಲ ಹತ್ತು ಹದಿನೈದು ನಿಮಿಷ ಕೆನ್ನೆಗೆ ಇಡಬೇಕು. ಚರ್ಮ ಸುಡದಂತೆ ನೋಡಿಕೊಳ್ಳಬೇಕು. ಆಕಳಿಕೆ ಬಂದಾಗ ನಾಲಗೆಯ ತುದಿಯನ್ನು ಅಂಗುಳಿಗೆ ಒತ್ತಿ ಹಿಡಿದರೆ ಬಾಯಿ ಅತಿಯಾಗಿ ತೆರೆಯುವುದಿಲ್ಲ. ಅಂಗೈಗೆ ಗದ್ದವೂರಿ ಓದುವುದು, ಪೆನ್ನಿನ ತುದಿ ಕಡಿಯುವುದು, ಒಂದೇ ಬದಿಯಲ್ಲಿ ಅಗಿಯುವುದು ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಗಲು ಹಲ್ಲು ಕಚ್ಚಿದ್ದೇವೆಯೇ ಎಂದು ನೋಡಿಕೊಳ್ಳುವ ಅಭ್ಯಾಸ ಬರಬೇಕು. ಶಾಲೆಯ ಗಂಟೆ ಹೊಡೆದಾಗಲೆಲ್ಲ ಒಮ್ಮೆ ಹಲ್ಲು ಬಿಡಿಸಿಕೊಳ್ಳಿರೆಂದು ಅಧ್ಯಾಪಕರಾದ ರೋಗಿಗಳಿಗೆ ಹೇಳುತ್ತೇವೆ. ನೋವು ಹೆಚ್ಚಾಗಿದ್ದರೆ ಕೆಲವು ದಿನ ನೋವಿನ ಮಾತ್ರೆ. ಮೂತ್ರಪಿಂಡದ, ಜಠರದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಅಚ್ಚು ತೆಗೆದು ಅಕ್ರಿಲಿಕ್‌ನ ಸ್ಪ್ಲಿಂಟ್ ಮಾಡಿಕೊಡುವುದುಂಟು. ಅದು ಎಲ್ಲ ಹಲ್ಲುಗಳನ್ನೂ ಮುಚ್ಚುವಂತಿರಬೇಕು. ಕೆಲವನ್ನೇ ಮುಚ್ಚುವಂಥದನ್ನು ಬಹುಕಾಲ ಹಾಕಿದರೆ ಉಳಿದ ಹಲ್ಲುಗಳು ಜಾಗ ಬಿಡುತ್ತವೆ. ಬಹುಮಂದಿ ಇಷ್ಟರಲ್ಲೇ ಸುಧಾರಿಸುತ್ತಾರೆ. ಶಸ್ತ್ರಚಿಕಿತ್ಸೆಯವರೆಗೆ ಹೋಗುವವರು ತೀರ ಕಡಿಮೆ.

ಇಷ್ಟು ಕೇಳಿದ ಮೇಲೆ, ಕಿವಿ ಶುಭ್ರವಾಗಿದ್ದರೆ ಕೀಲಿನ ನೋವೆಂದೇ ತಿಳಿದು ಮನೆಯಲ್ಲಿ ಬಟ್ಟೆ ಕಾವು ಕೊಡುತ್ತ ಕೂರುವವರಿರಬಹುದು. ಅದು ನಮಗೆ ಭಯದ ವಿಷಯ. ಕಿವಿಗೆ ಟ್ರೈಜೆಮಿನಲ್ ನರವೊಂದೇ ಅಲ್ಲ; ಗಂಟಲು, ನಾಲಗೆಯ ಬುಡ, ಧ್ವನಿಪೆಟ್ಟಿಗೆಗಳಿಗೆ ಹೋಗುವ ನರಗಳ ಎಳೆಗಳೂ, ಕುತ್ತಿಗೆಯ ನರಗಳ ಎಳೆಗಳೂ ಬರುತ್ತವೆ. ಆದುದರಿಂದ ನಾಲಗೆಯ ಬುಡದಲ್ಲೋ ಗಂಟಲಿನಲ್ಲೋ ಅಡಗಿದ ಅರ್ಬುದ ರೋಗವೂ ಮೊದಲು ಕಿವಿನೋವಾಗಿಯೇ ಕಾಣಿಸಿಕೊಳ್ಳಬಹುದು. ನಡುವಯಸ್ಸು ದಾಟಿದವರಿಗೆ, ಅದರಲ್ಲಿಯೂ ಹೊಗೆಸೊಪ್ಪು, ಬೀಡಿ, ಮದ್ಯ, ಎಲೆಯಡಿಕೆಯ ಅಭ್ಯಾಸವುಳ್ಳವರಿಗೆ, ಒಂದೇ ಕಡೆಯ ಕಿವಿಯಲ್ಲಿ ಮೂರು ವಾರ ಮೀರಿ ನೋವಿದ್ದು ಕಿವಿ ಶುಭ್ರವಾಗಿದ್ದರೆ, ಗಂಟಲನ್ನು ದುರ್ಬೀನಿನಿಂದ ನೋಡದೆ ಬಿಡಬಾರದು. ನುಂಗಲು ಕಷ್ಟ, ದನಿ ಬದಲಾವಣೆ, ಕುತ್ತಿಗೆಯಲ್ಲಿ ಗಂಟು, ಬಾಯಲ್ಲಿ ಮಾಯದ ಹುಣ್ಣು ಇದ್ದರೆ ಮೂರು ವಾರ ಕಾಯುವುದೂ ಬೇಡ.

ಅಡಿಕೆಯ ವಿಷಯವನ್ನು ಈ ನೆಲದಲ್ಲಿ ನಿಂತು ಆಡುವುದು ಸುಲಭವಲ್ಲ. ನಮ್ಮಲ್ಲಿ ಹಲವರ ಶಾಲಾ ಶುಲ್ಕವೂ ಕಾಲೇಜಿನ ಶುಲ್ಕವೂ ಅಡಿಕೆಯಂಗಳದಿಂದ ಬಂದದ್ದು. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆ, ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನೂ ಅರ್ಬುದಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿ 2004ರಲ್ಲಿ ವರದಿ ಪ್ರಕಟಿಸಿತು. ಅರ್ಬುದಕ್ಕೆ ಮುಂಚೆ ಬರುವ ಇನ್ನೊಂದು ಕಾಯಿಲೆಯಲ್ಲಿ ಕೆನ್ನೆಯ ಒಳಪೊರೆ ಬೆಳ್ಳಗಾಗಿ, ನಾರಿನಂತೆ ಬಿಗಿದು, ಬಾಯಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತದೆ. ಖಾರ ತಾಗಿದರೆ ಉರಿ; ಕೆಲವರಿಗೆ ಕಿವಿಯಲ್ಲೂ ನೋವು, ಮಂದಶ್ರವಣ. ಇದನ್ನು ಕೀಲಿನ ತೊಂದರೆಯೆಂದು ಬಗೆಯುವುದು ಸುಲಭ. ಪೊಟ್ಟಣದ ಅಡಿಕೆ ಮಿಶ್ರಣ ಜಗಿಯುವ ಕಾಲೇಜು ಹುಡುಗರಲ್ಲೂ ಇದು ಕಾಣುತ್ತದೆ. ಪರೀಕ್ಷೆ ಮನೆಯಲ್ಲೇ ಸಾಧ್ಯ: ತನ್ನದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿದಂತೆ ಮುಂದಿನ ಹಲ್ಲುಗಳ ನಡುವೆ ಇಡಲು ಆಗಬೇಕು. ವಯಸ್ಕರಲ್ಲಿ ಸುಮಾರು 40 ಮಿಲಿಮೀಟರ್ ತೆರೆಯಬೇಕಾದ ಬಾಯಿ ಅದು. ಎರಡು ಬೆರಳೇ ಹಿಡಿಸುವುದಾದರೆ ಕಾರಣ ಯಾವುದೇ ಇರಲಿ, ತೋರಿಸಬೇಕು.

ಇನ್ನೆರಡು ಎಚ್ಚರಿಕೆಗಳು. ಮೆಟ್ಟಿಲು ಹತ್ತುವಾಗ ದವಡೆಯಲ್ಲಿ ನೋವು ಬಂದು ನಿಂತಾಗ ಹೋದರೆ ಅದು ಕೀಲಿನದಲ್ಲ, ಹೃದಯದ್ದಿರಬಹುದು. ಸಕ್ಕರೆ ಕಾಯಿಲೆಯುಳ್ಳ ವಯೋವೃದ್ಧರಿಗೆ ಕಿವಿ ಸೋರುತ್ತ, ರಾತ್ರಿ ನಿದ್ದೆಗೆಡಿಸುವ ನೋವಿದ್ದು, ಬಾಯಿ ತೆರೆಯಲೂ ಕಷ್ಟವಾದರೆ, ಕಿವಿಯ ಸೋಂಕೇ ಮೂಳೆಗೂ ಕೀಲಿಗೂ ಹಬ್ಬಿರಬಹುದು. ಅದು ಪ್ರಾಣಕ್ಕೆ ಅಪಾಯ. ಅಂದೇ ಆಸ್ಪತ್ರೆಗೆ ಕರೆತರಬೇಕು.

ಮಕ್ಕಳ ವಿಷಯದಲ್ಲಿ ನಮ್ಮ ಮಾತು ತಿರುಗುತ್ತದೆ. ಚಿಕ್ಕ ಮಗು ಕಿವಿ ಹಿಡಿದು ಅತ್ತರೆ ಮೊದಲು ನೆನೆಯಬೇಕಾದದ್ದು ಕೀಲನ್ನಲ್ಲ, ಶೀತದ ಬೆನ್ನಿಗೆ ಬರುವ ನಡುಗಿವಿಯ ಸೋಂಕನ್ನು. ಜ್ವರವಿದ್ದು ಕಿವಿಯ ಕೆಳಗೆ ಊತ ಬಂದು, ಕಿವಿಯ ಹಾಲೆ ಮೇಲೆದ್ದು, ಹುಳಿ ತಿಂದರೆ ನೋವು ಹೆಚ್ಚಾದರೆ ಅದು ಮಂಗನಬಾವು, ನಮ್ಮ ಕಡೆಯ ಕೆಪ್ಪಟ್ರಾಯ, ಆಗಿರಬಹುದು, ಶಾಲೆಗೆ ಕಳುಹಿಸಬಾರದು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಹೊಯ್ಯುವ ಪದ್ಧತಿ ಇನ್ನೂ ಹೋಗಿಲ್ಲ. ಒಳಗೆ ತಮಟೆ ಹರಿದಿದ್ದರೆ ಅದು ಸೋಂಕನ್ನು ಒಳಕ್ಕೆ ಒಯ್ಯುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯುವುದು ಸಾಮಾನ್ಯ. ಎಣ್ಣೆಯ ಪಸೆ ಅದಕ್ಕೆ ಅನುಕೂಲವೇ ಹೊರತು ಔಷಧವಲ್ಲ.

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದದ್ದು ಗದ್ದ ಊರಿ ಬಿದ್ದ ಮಗುವನ್ನು. ಆಟದ ಬಯಲಿನಲ್ಲಿ, ಸೈಕಲ್ಲಿನಿಂದ, ಪೇರಳೆ ಮರದಿಂದ ಬೀಳುವಾಗ ಗದ್ದ ನೆಲಕ್ಕೆ ಬಡಿಯುತ್ತದೆ. ಗದ್ದದ ಗಾಯಕ್ಕೆ ಎರಡು ಹೊಲಿಗೆ ಬೀಳುತ್ತದೆ, ಎಲ್ಲರೂ ನಿಶ್ಚಿಂತರಾಗುತ್ತಾರೆ. ಏಟಿನ ರಭಸ ದವಡೆಯ ಮೂಳೆಯ ಮೂಲಕ ಸಾಗಿ ಎರಡೂ ಬದಿಯ ಕೀಲಿಗೆ ತಲುಪಿ, ಅಲ್ಲಿಯ ಮೂಳೆಯ ತಲೆಯನ್ನು ಮುರಿದಿರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ. ಕೆಲವೊಮ್ಮೆ ನಡುವಿನ ತೆಳುಗೋಡೆ ಒಡೆದು ಕಿವಿಯಿಂದ ರಕ್ತವೂ ಬರುತ್ತದೆ. ತಲೆಬುರುಡೆಯ ಬುಡಕ್ಕೆ ಪೆಟ್ಟಾದಾಗಲೂ ಹಾಗಾಗುವುದರಿಂದ ಅಂಥ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರಕ್ತ ಬಾರದಿದ್ದರೂ, ಮಗು ಕಿವಿಯ ಮುಂದೆ ನೋವೆಂದರೆ, ಬಾಯಿ ತೆರೆದಾಗ ಗದ್ದ ಒಂದು ಬದಿಗೆ ಸರಿದರೆ, ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಕ್ಷಕಿರಣ ಚಿತ್ರ ಬೇಕೇ ಬೇಕು.

ಮಕ್ಕಳಲ್ಲಿ ಈ ಮುರಿತಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಕೆಲವು ದಿನ ಮೆದು ಆಹಾರ, ಆಮೇಲೆ ದಿನವೂ ಬಾಯಿ ತೆರೆಯುವ ವ್ಯಾಯಾಮ. ನೋವಿಗೆ ಹೆದರಿ ಬಾಯಿ ಅಲುಗಿಸದೆ ಬಿಟ್ಟರೆ, ಅಥವಾ ಮುರಿದದ್ದೇ ತಿಳಿಯದೆ ಹೋದರೆ, ಕೀಲಿನೊಳಗೆ ಮೂಳೆ ಬೆಸೆದುಕೊಳ್ಳುವ ಅಪಾಯವಿದೆ. ಆಗ ಬಾಯಿ ವರ್ಷ ವರ್ಷಕ್ಕೆ ಬಿಗಿಯುತ್ತದೆ. ಕೆಳದವಡೆಯ ಬೆಳವಣಿಗೆ ಕುಂಠಿತವಾಗಿ ಗದ್ದ ಹಿಂದೆ ಉಳಿಯುತ್ತದೆ ಅಥವಾ ಏಟಾದ ಬದಿಗೆ ವಾಲುತ್ತದೆ. ಅನ್ನವನ್ನು ಹಲ್ಲಿನ ಸಂದಿಯಲ್ಲಿ ತಳ್ಳಿಕೊಂಡು ತಿನ್ನುವ, ಹಲ್ಲುಜ್ಜಲಾಗದ, ತರಗತಿಯಲ್ಲಿ ಗಟ್ಟಿಯಾಗಿ ಓದಲು ನಾಚುವ, ರಾತ್ರಿ ಉಸಿರುಕಟ್ಟಿ ಏಳುವ ಮಕ್ಕಳನ್ನು ನಾವು ನೋಡಿದ್ದೇವೆ. ಅವರ ತಂದೆತಾಯಂದಿರನ್ನು ಕೇಳಿದರೆ ನಾಲ್ಕೈದು ವರ್ಷಗಳ ಹಿಂದಿನ ಒಂದು ಬೀಳುವಿಕೆ ನೆನಪಾಗುತ್ತದೆ. ಗದ್ದದಡಿಯ ಕಲೆಯನ್ನು ತೋರಿಸುತ್ತಾರೆ. ಸೋರುವ ಕಿವಿಯನ್ನು ವರ್ಷಗಟ್ಟಲೆ ನಿರ್ಲಕ್ಷಿಸಿದ ಮಕ್ಕಳಲ್ಲಿ ಸೋಂಕು ಕೀಲಿಗೆ ದಾಟಿ ಇದೇ ಸ್ಥಿತಿ ಬಂದುದೂ ಉಂಟು. ದೊಡ್ಡ ಶಸ್ತ್ರಚಿಕಿತ್ಸೆ, ಅದರ ಮೇಲೆ ತಿಂಗಳುಗಟ್ಟಲೆ ನೋವಿನ ವ್ಯಾಯಾಮ, ಬೆಳೆದ ಮೇಲೆ ದವಡೆ ಸರಿಪಡಿಸಲು ಇನ್ನೊಂದು. ಬಿದ್ದ ವಾರದಲ್ಲೇ ಒಂದು ಚಿತ್ರ ತೆಗೆಸಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು. ಗದ್ದಕ್ಕೆ ಹೊಲಿಗೆ ಬಿದ್ದ ಪ್ರತಿ ಮಗುವಿನ ಹೆಸರನ್ನು ಶಾಲೆಯ ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಆ ಮಗುವಿನ ಮೂರು ಬೆರಳು ಅದರ ಬಾಯಲ್ಲಿ ಹಿಡಿಸುತ್ತವೆಯೇ ಎಂದು ಒಂದು ವರ್ಷದವರೆಗಾದರೂ ನೋಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ.

ಮೊದಲು ಯಾರ ಬಳಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಸಭೆಗೆ ಮುಂಚೆಯೇ ಕೆಲವರು ಚೀಟಿಯಲ್ಲಿ ಬರೆದು ಕಳುಹಿಸಿದ್ದಾರೆ. ನಮ್ಮಿಬ್ಬರಲ್ಲಿ ಈ ಬಗ್ಗೆ ಜಗಳವಿಲ್ಲ. ಕಿವಿನೋವಿಗೆ ಮೊದಲು ಕಿವಿಯ ವೈದ್ಯರೇ ನೋಡಲಿ. ಕಿವಿ, ಮೂಗಿನ ಹಿಂಭಾಗ, ಗಂಟಲು ಮೂರೂ ಶುಭ್ರವೆಂದು ಆದ ಮೇಲೆ ಹಲ್ಲಿನ ವೈದ್ಯರ ಸರದಿ. ಕೀಲನ್ನು ನೋಡುವ ಮುಂಚೆ ಅವರು ಹುಳುಕು ಹಲ್ಲು, ಒಳಗೇ ಸಿಕ್ಕಿಕೊಂಡ ಬುದ್ಧಿಹಲ್ಲುಗಳನ್ನು ನೋಡುತ್ತಾರೆ, ಏಕೆಂದರೆ ಕೆಳಗಿನ ದವಡೆಹಲ್ಲಿನ ನೋವೂ ಕಿವಿಗೇ ಹೋಗುತ್ತದೆ. ಹೋಗುವಾಗ ಹಿಂದಿನ ಚೀಟಿಗಳನ್ನೂ ಚಿತ್ರಗಳನ್ನೂ ಒಯ್ಯಿರಿ. ನೋವು ಯಾವ ಹೊತ್ತಿಗೆ ಹೆಚ್ಚು, ಅಗಿಯುವಾಗ ಹೆಚ್ಚೋ ನುಂಗುವಾಗ ಹೆಚ್ಚೋ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಡಿರಿ. ಅಗಿಯುವಾಗಿನ ನೋವು ಹೆಚ್ಚಾಗಿ ಹಲ್ಲು, ಕೀಲುಗಳ ಕಡೆಗೆ ಬೆರಳು ಮಾಡುತ್ತದೆ, ನುಂಗುವಾಗಿನದು ಗಂಟಲಿನ ಕಡೆಗೆ. ವೈದ್ಯರು ಮಲಯಾಳ ಮಾತ್ರ ಬಲ್ಲವರಾದರೆ ಚಿಂತೆಯಿಲ್ಲ, ಕಿವಿಯ ಮುಂದಿನ ಆ ಜಾಗವನ್ನು ಬೆರಳಿಟ್ಟು ತೋರಿಸಿ ಬಾಯಿ ತೆರೆದು ಮುಚ್ಚಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.